ನಮ್ಮನೆಗೆ ಬಂದ 2.66

1/8

"ಅಕ್ಕಾ, ಜರ್ಮನಿಗೆ ಬರ್ತಿದೀವಿ, ಮಕ್ಕಳ ಸ್ಕೂಲಿಗೆ ಏನ್ ಮಾಡ್ಬೇಕು?" ಅಂತ ತುಂಬಾ ಜನ ಮೆಸೇಜ್ ಮಾಡ್ತೀರಿ. ಒಂದೊಂದೇ ಉತ್ತರ ಟೈಪ್ ಮಾಡಿ ಸಾಕಾಯ್ತು. ಈ ವಾರ ಎಂಟು ಫೋಟೋ, ಎಂಟು ಭಾಗ. ನಾನು ತಪ್ಪು ತಿಳ್ಕೊಂಡಿದ್ದನ್ನೂ ಮುಚ್ಚಿಡದೆ ಬರೀತೀನಿ.

ಮೊದಲ ಫೋಟೋ 2018ರ ಸೆಪ್ಟೆಂಬರ್‌ದು. ಮಗ ತಬ್ಬಿ ಹಿಡ್ಕೊಂಡಿರೋ ಆ ಬಣ್ಣದ ಕಾಗದದ ದೊಡ್ಡ ಕೋನ್ ಇದೆಯಲ್ಲ, ಅದರ ಹೆಸರು ಶೂಲ್‌ಟ್ಯೂಟೆ. ಮಗು ಒಂದನೇ ಕ್ಲಾಸಿಗೆ ಕಾಲಿಡೋ ದಿನ ಅದರ ತುಂಬಾ ಚಾಕೊಲೇಟು, ಪೆನ್ಸಿಲು, ಸಣ್ಣಪುಟ್ಟ ಆಟಿಕೆ ತುಂಬಿ ಕೊಡ್ತಾರೆ. ನಮಗೆ ಇದು ಗೊತ್ತೇ ಇರಲಿಲ್ಲ. ಎರಡು ದಿನ ಇದೆ ಅನ್ನೋವಾಗ ಪಕ್ಕದ ಮನೆ ಅಜ್ಜಿ ಮೆಟ್ಟಿಲ ಹತ್ರ ನಿಲ್ಲಿಸಿ ಕೇಳಿದ್ರು, ಟ್ಯೂಟೆ ಆಯ್ತಾ ಅಂತ. ಓಡಿಹೋಗಿ ತಂದ್ವಿ. ಅತ್ತೆ ತಿಪಟೂರಿನಿಂದ ಕಳಿಸಿದ್ದ ಕೊಬ್ಬರಿ ಮಿಠಾಯಿ ತಳಕ್ಕೆ ಹಾಕಿದೆ.

ಬೆಂಗಳೂರಲ್ಲಿ ಮಗುಗೆ ಮೂರು ವರ್ಷ ಆಗೋ ಮುಂಚೆಯೇ ಸ್ಕೂಲ್ ಹುಡುಕಾಟ ಶುರು ಅಲ್ವಾ? ಅದೇ ಅಭ್ಯಾಸದಲ್ಲಿ ಇವರು ಮ್ಯೂನಿಕ್‌ಗೆ ಬಂದ ತಿಂಗಳಲ್ಲೇ ಒಂದು ಎಕ್ಸೆಲ್ ಶೀಟ್ ಮಾಡಿದ್ರು. ಒಳ್ಳೇ ಸ್ಕೂಲು ಯಾವುದು, ಫೀಸ್ ಎಷ್ಟು, ಡೊನೇಷನ್ ಇದೆಯಾ. ಆಫೀಸಿನ ಸಹೋದ್ಯೋಗಿಯೊಬ್ರು ಶೀಟ್ ನೋಡಿ ನಕ್ಕು ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ಮನೆ ಯಾವ ಬೀದಿ?"

ಅಷ್ಟೇ. ಮನೆ ವಿಳಾಸ ಯಾವ ಸರ್ಕಾರಿ ಪ್ರಾಥಮಿಕ ಶಾಲೆಯ ವ್ಯಾಪ್ತಿಗೆ ಬರುತ್ತೋ ಅದೇ ನಿಮ್ಮ ಶಾಲೆ. ಡಾಕ್ಟರ ಮಗುನೂ ಅಲ್ಲೇ, ಬಸ್ ಡ್ರೈವರ್ ಮಗುನೂ ಅಲ್ಲೇ. ಫೀಸ್ ಇಲ್ಲ. ಇದಕ್ಕಿಂತ ನ್ಯಾಯ ಇನ್ನೇನಿದೆ ಅಂತ ಅವತ್ತು ಅನ್ನಿಸ್ತು. ಹತ್ತು ವರ್ಷ ವಯಸ್ಸಿನವರೆಗೆ ಅದು ನಿಜಾನೇ.

2/8

ಈ ಫೋಟೋದಲ್ಲಿ ಬರೀ ಬೆನ್ನು ಕಾಣ್ತಿದೆ. ಬೆನ್ನಿಗಿಂತ ದೊಡ್ಡ ಚೀಲ. ಒಂದನೇ ಕ್ಲಾಸಿನ ಮಗು ಒಬ್ಬನೇ ನಡ್ಕೊಂಡು ಶಾಲೆಗೆ ಹೋಗ್ತಿದಾನೆ.

ಮೊದಲ ಎರಡು ವಾರ ನಾನು ಕ್ಲಾಸ್‌ರೂಮ್ ಬಾಗಿಲವರೆಗೂ ಹೋಗಿ ಶೂ ಬಿಚ್ಚಿ, ಒಳಗೆ ಹಾಕ್ಕೊಳ್ಳೋ ಚಪ್ಪಲಿ ಹಾಕಿಸಿ, ನೀರಿನ ಬಾಟಲ್ ಮುಚ್ಚಳ ತೆಗೆದು ಬರ್ತಿದ್ದೆ. ಹೌದು, ಕ್ಲಾಸಿನೊಳಗೆ ಓಡಾಡೋಕೆ ಬೇರೆ ಚಪ್ಪಲಿ. ನಮ್ಮ ಹೊಸಿಲು ದಾಟೋ ಮರ್ಯಾದೆ ಇಲ್ಲೂ ಇದೆ ಅಂತ ಖುಷಿಪಟ್ಟಿದ್ದೆ. ಒಂದು ದಿನ ಟೀಚರ್ ತುಂಬಾ ಮೃದುವಾಗಿ ಹೇಳಿದ್ರು, ಗೇಟಿನ ಹತ್ರ ಬಿಟ್ಟುಬಿಡಿ, ಚಪ್ಪಲಿ ಅವನೇ ಹಾಕ್ಕೊಳ್ತಾನೆ, ದಾರಿ ರೂಢಿಯಾದ್ಮೇಲೆ ಒಬ್ಬನೇ ಬರಲಿ ಅಂತ. ಅದೂ ಅವರ ಪಾಠದ ಒಂದು ಭಾಗವಂತೆ. ನಾಲ್ಕನೇ ಕ್ಲಾಸಿನಲ್ಲಿ ಪೊಲೀಸರು ಬಂದು ಸೈಕಲ್ ಪರೀಕ್ಷೆನೂ ಮಾಡ್ತಾರೆ.

ಕೊಳ್ಳಬೇಕಾದ ಸಾಮಾನಿನ ಪಟ್ಟಿ ಓದೋಕೆ ಒಂದು ಸಂಜೆ ಬೇಕಾಯ್ತು. ಒಂದೊಂದು ವಿಷಯದ ನೋಟ್‌ಬುಕ್ಕಿಗೆ ಒಂದೊಂದು ಬಣ್ಣದ ಹೊದಿಕೆ. ಗೆರೆಗಳಿಗೂ ನಂಬರು: ಒಂದನೇ ಕ್ಲಾಸಿಗೆ ಒಂದು ಥರ, ಎರಡನೇ ಕ್ಲಾಸಿಗೆ ಇನ್ನೊಂದು. ಧರ್ಮದ ಪಾಠದ ಕಾಲಂನಲ್ಲಿ ಕ್ಯಾಥೊಲಿಕ್, ಪ್ರೊಟೆಸ್ಟೆಂಟ್, ಎಥಿಕ್. ನಾವು ಎಥಿಕ್‌ಗೆ ಟಿಕ್ ಮಾಡಿದ್ವಿ. ಅಂದ್ರೆ ನೀತಿಪಾಠ.

ಆಮೇಲೆ ತಿಳಿದ ಇನ್ನೊಂದು ಸತ್ಯ: ಶಾಲೆ ಮಧ್ಯಾಹ್ನದೊಳಗೆ ಮುಗಿದುಬಿಡುತ್ತೆ. ಕೆಲವು ದಿನ ಹನ್ನೊಂದೂ ಕಾಲಿಗೆಲ್ಲಾ ಮನೆ! ಆಮೇಲಿನ ಊಟ, ಹೋಂವರ್ಕು, ಆರೈಕೆಗೆ ಬೇರೆ ಅರ್ಜಿ, ಬೇರೆ ದುಡ್ಡು, ಬೇರೆ ಕಾಯುವ ಪಟ್ಟಿ. ನಮಗೆ ಜಾಗ ಸಿಗಲಿಲ್ಲ. ಕೆಲಸ ಹುಡುಕ್ತಿದ್ದ ನಾನು ಒಂದು ವರ್ಷ ಹುಡುಕೋದನ್ನೇ ನಿಲ್ಲಿಸಿದೆ. ಮನೆಯಲ್ಲಿ ಯಾರಾದ್ರೂ ಕೂತು ನೋಡ್ಕೊಳ್ತಾರೆ ಅನ್ನೋ ನಂಬಿಕೆ ಮೇಲೆ ಈ ವ್ಯವಸ್ಥೆ ಕಟ್ಟಿದಾರೇನೋ ಅನ್ಸುತ್ತೆ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

3/8

ಈ ಫೋಟೋ ತೆಗೆದಿದ್ದು ನಾನು ತುಂಬಾ ಖುಷಿಯಲ್ಲಿದ್ದಾಗ. ಡೈನಿಂಗ್ ಟೇಬಲ್ಲು, ಒಂದು ಬಟ್ಟಲು ಕೇಸರಿಬಾತು, ಪಕ್ಕದಲ್ಲಿ ಎರಡನೇ ಕ್ಲಾಸಿನ ಉಕ್ತಲೇಖನದ ಹಾಳೆ. ಮೇಲೆ ಕೆಂಪು ಶಾಯಿಯಲ್ಲಿ 5.

ಮೊದಲ ವರ್ಷ ಅಂಕಿಯೇ ಕೊಡಲ್ಲ ಇಲ್ಲಿ. ಬರೀ ವಾಕ್ಯಗಳು: ಗೆಳೆಯರ ಜೊತೆ ಹೇಗಿದ್ದಾನೆ, ಕತ್ತರಿ ಹೇಗೆ ಹಿಡೀತಾನೆ ಅಂತೆಲ್ಲ. ಎರಡನೇ ಕ್ಲಾಸಿನಲ್ಲಿ ಮೊದಲ ಸಲ ಅಂಕಿ ಕಂಡಾಗ ನನಗೆ ಸ್ವರ್ಗ ಕಂಡಂಗಾಯ್ತು. ಐದಕ್ಕೆ ಐದು! ಅಮ್ಮನಿಗೆ ಫೋನ್ ಮಾಡಿದೆ. ರವೆ ಹುರಿದೆ. ಇವರು ಬರೋ ಹೊತ್ತಿಗೆ ಕೇಸರಿಬಾತ್ ರೆಡಿ.

ಜರ್ಮನಿಯಲ್ಲಿ 1 ಅಂದ್ರೆ ಅತ್ಯುತ್ತಮ, 6 ಅಂದ್ರೆ ತೀರಾ ಕೆಟ್ಟದ್ದು. 5 ಅಂದ್ರೆ ನಮ್ಮ ಭಾಷೇಲಿ ಹೇಳೋದಾದ್ರೆ ಡುಮ್ಕಿ. ಮಾರನೇ ದಿನ ಆಫೀಸಿನಿಂದ ಇವರು ಫೋನ್ ಮಾಡಿ ಹೇಳಿದಾಗ ನಾನು ನಿಂತಲ್ಲೇ ಕೂತೆ.

ನನ್ನನ್ನ ಈಗಲೂ ಚುಚ್ಚೋದು ಬೇರೆ ವಿಷಯ. ಮಗನಿಗೆ ಗೊತ್ತಿತ್ತು. ಕೇಸರಿಬಾತ್ ತಿನ್ನೋವಾಗ ಅವನು ಒಂದು ಮಾತೂ ಆಡಲಿಲ್ಲ. "ಯಾಕೋ ಹೇಳಲಿಲ್ಲ?" ಅಂತ ಕೇಳಿದ್ದಕ್ಕೆ, "ನೀನು ಅಷ್ಟು ಖುಷಿಯಾಗಿದ್ದೆ ಅಮ್ಮಾ" ಅಂದ. ಏಳು ವರ್ಷದ ಹುಡುಗ.

ಆ ಚಳಿಗಾಲದಲ್ಲಿ ಟೀಚರ್ ಜೊತೆ ಮಾತುಕತೆಗೆ ಕರೆದಿದ್ರು. ಪುಟಾಣಿ ಕುರ್ಚಿಗಳ ಮೇಲೆ ಮಂಡಿ ಎದೆಗೆ ತಾಗೋ ಹಾಗೆ ನಾವಿಬ್ರೂ ಕೂತ್ವಿ. ಟೀಚರ್ ನಮ್ಮನ್ನ ನೋಡಲೇ ಇಲ್ಲ. ಮಗನನ್ನ ನೋಡಿ ಕೇಳಿದ್ರು: ನಿನಗೆ ಯಾವುದು ಚೆನ್ನಾಗಿ ಬರುತ್ತೆ, ಯಾವುದು ಕಷ್ಟ, ಮುಂದಿನ ತಿಂಗಳು ಏನು ಮಾಡ್ತೀಯ? ನಾವು ಸುಮ್ನೆ ಕೇಳಿಸ್ಕೊಳ್ಬೇಕು. ಅವನು "ಲೆಕ್ಕ ಇಷ್ಟ, ಜರ್ಮನ್‌ನಲ್ಲಿ ಕತೆ ಬರೆಯೋಕೆ ಪದ ಸಿಗಲ್ಲ" ಅಂದ. ನನ್ನ ಅಪ್ಪ ಎಸೆಸೆಲ್ಸಿ ಮುಗಿದಾಗಲೂ ನನಗೆ ಹೀಗೆ ಕೇಳಿರಲಿಲ್ಲ.

4/8

ಖಾಲಿ ಆಟದ ಮೈದಾನದ ಸುತ್ತ ಕೆಂಪು ಬಿಳಿ ಟೇಪು. 2020ರ ಮಾರ್ಚ್. ಬವೇರಿಯಾದ ಶಾಲೆಗಳೆಲ್ಲ ಬಾಗಿಲು ಹಾಕಿದ್ವು.

ಎಲ್ಲರಿಗೂ ಕಷ್ಟ ಆಯ್ತು, ನಮಗೊಬ್ಬರಿಗೇ ಅಲ್ಲ. ಆದರೆ ಹೊಸದಾಗಿ ಬಂದ ಸಂಸಾರಕ್ಕೆ ಆದ ನಷ್ಟ ಬೇರೆ ಥರದ್ದು. ಮಗನಿಗೆ ಜರ್ಮನ್ ಸಿಗ್ತಿದ್ದಿದ್ದು ಶಾಲೆಯಲ್ಲಿ ಮಾತ್ರ. ಆಟದಲ್ಲಿ, ಜಗಳದಲ್ಲಿ, ತಿಂಡಿ ಹಂಚ್ಕೊಳ್ಳೋದ್ರಲ್ಲಿ. ಅದು ನಿಂತುಹೋಯ್ತು. ಮನೆಯಲ್ಲಿ ಕನ್ನಡ, ಅಪ್ಪನ ಮೀಟಿಂಗಿನಲ್ಲಿ ಇಂಗ್ಲಿಷು. ಪಕ್ಕದ ಮನೆ ಹುಡುಗಿಗೆ ಅವಳಮ್ಮ ಪಾಠ ಓದಿ ಹೇಳ್ತಿದ್ಲು. ನಾನು ಒಂದು ಹಾಳೆಯ ಸೂಚನೆಯನ್ನ ಅನುವಾದದ ಆ್ಯಪಿನಲ್ಲಿ ಹಾಕಿ ಅರ್ಥ ಮಾಡ್ಕೊಳ್ಳೋ ಹೊತ್ತಿಗೆ ಅವನಿಗೆ ನಿದ್ದೆ ಬಂದಿರೋದು.

ಶಾಲೆ ಮತ್ತೆ ತೆರೆದಾಗ ಒಬ್ಬರು ಟೀಚರ್ ಹೇಳಿದ್ರು, "ಮನೆಯಲ್ಲಿ ಜರ್ಮನ್ ಮಾತಾಡಿ." ಒಳ್ಳೇ ಮನಸ್ಸಿಂದಾನೇ ಹೇಳಿದ್ರು. ಅವತ್ತು ರಾತ್ರಿ ಊಟಕ್ಕೆ ಕೂತಾಗ ಇವರು ಜರ್ಮನ್‌ನಲ್ಲಿ ಸಾರು ಕೇಳಿದ್ರು, ನಾನು ತಪ್ಪುತಪ್ಪಾಗಿ ಉತ್ತರ ಕೊಟ್ಟೆ. ಮಗ ತಲೆ ಬಗ್ಗಿಸಿ ತಿಂದ. ಮೂರು ದಿನ ಹೀಗೇ. ನಾಲ್ಕನೇ ದಿನ ಗಮನಿಸಿದೆ, ನಮ್ಮನೇಲಿ ಮಾತೇ ಕಡಿಮೆಯಾಗಿತ್ತು. ಶಾಲೆಯಲ್ಲಿ ಏನಾಯ್ತು ಅಂತ ಅವನು ಹೇಳೋದನ್ನ ನಿಲ್ಲಿಸಿದ್ದ. ಮುರುಕಲು ಜರ್ಮನ್‌ನಲ್ಲಿ ನಾನು ಅವನಿಗೆ ಏನು ಕಲಿಸಬಲ್ಲೆ? ನನ್ನ ತಪ್ಪುಗಳನ್ನ.

ಮತ್ತೆ ಕನ್ನಡಕ್ಕೆ ಬಂದ್ವಿ. ಊರಿನ ಲೈಬ್ರರಿ ಕಾರ್ಡ್ ಮಾಡಿಸಿದ್ವಿ. ಅವನು ಜರ್ಮನ್ ಪುಸ್ತಕ ಓದೋದು, ಆಮೇಲೆ ಅದೇ ಕತೆ ನನಗೆ ಕನ್ನಡದಲ್ಲಿ ಹೇಳೋದು. ಇದನ್ನ ಎರಡು ವರ್ಷ ಮಾಡಿದ್ವಿ. ಫಲ ಬಂತು, ಆದರೆ ನಿಧಾನಕ್ಕೆ. ನಾಲ್ಕನೇ ಕ್ಲಾಸಿನ ಕ್ಯಾಲೆಂಡರ್ ಅಷ್ಟು ಹೊತ್ತು ಕಾಯಲ್ಲ.

5/8

ಇವತ್ತಿಂದು ಫೋಟೋ ಅಲ್ಲ, ನಾನು ಕೈಯಲ್ಲಿ ಬರೆದ ಚಿತ್ರ. ಒಂದು ಕಾಂಡ, ಮೂರು ಕೊಂಬೆ. ಸೇವ್ ಮಾಡ್ಕೊಳ್ಳಿ.

ಜರ್ಮನಿಯ 16 ರಾಜ್ಯಗಳಲ್ಲೂ ಶಿಕ್ಷಣ ಆಯಾ ರಾಜ್ಯದ ಕೈಲಿದೆ. ಬರ್ಲಿನ್‌ನಲ್ಲಿ ಪ್ರಾಥಮಿಕ ಶಾಲೆ ಆರು ವರ್ಷ, ನಮ್ಮ ಬವೇರಿಯಾದಲ್ಲಿ ನಾಲ್ಕೇ ವರ್ಷ. ನಾರ್ತ್ ರೈನ್-ವೆಸ್ಟ್‌ಫಾಲಿಯಾದಲ್ಲಿ ಟೀಚರ್ ಕೊಡೋದು ಶಿಫಾರಸು ಮಾತ್ರ. ಇಲ್ಲಿ ಹಾಗಲ್ಲ, ಅಂಕಿ ಮಾತಾಡುತ್ತೆ. ಹಾಗಾಗಿ ನಿಮ್ಮ ರಾಜ್ಯದ ನಿಯಮ ನೀವೇ ನೋಡ್ಕೊಳ್ಳಿ, ನನ್ನ ಮಾತನ್ನ ಹಾಗೇ ನಂಬಬೇಡಿ.

ನಾಲ್ಕನೇ ಕ್ಲಾಸಿನ ಮೇ ತಿಂಗಳ ಶುರುವಿನಲ್ಲಿ ಒಂದು ಸರ್ಟಿಫಿಕೇಟ್ ಬರುತ್ತೆ. ಜರ್ಮನ್, ಗಣಿತ, ಪರಿಸರ-ಸಮಾಜದ ಪಾಠ, ಈ ಮೂರರ ಸರಾಸರಿ. 2.33 ಅಥವಾ ಅದಕ್ಕಿಂತ ಚೆನ್ನಾಗಿದ್ರೆ ಗಿಮ್ನಾಸಿಯುಮ್. ಅಲ್ಲಿಂದ ಆಬಿಟೂರ್ ಪರೀಕ್ಷೆ, ಆಮೇಲೆ ನೇರ ವಿಶ್ವವಿದ್ಯಾಲಯ. 2.66ರವರೆಗೆ ರೆಆಲ್‌ಶೂಲೆ, ಹತ್ತನೇ ಕ್ಲಾಸಿನವರೆಗೆ. ಉಳಿದವರಿಗೆ ಮಿಟ್ಟೆಲ್‌ಶೂಲೆ, ಒಂಬತ್ತು ಅಥವಾ ಹತ್ತನೇ ಕ್ಲಾಸಿನವರೆಗೆ, ಕಸುಬಿನ ಕಡೆ ಹೆಚ್ಚು ಒತ್ತು.

ಈ ಮೂರು ಹೆಸರು ಕೇಳಿದ ತಕ್ಷಣ ನನ್ನ ತಲೆ ತಾನಾಗೇ ತರ್ಜುಮೆ ಮಾಡ್ಕೊಂಡ್ತು: ಸೈನ್ಸು, ಕಾಮರ್ಸು, ಐಟಿಐ. ತಿಪಟೂರಿನಲ್ಲಿ ಪಿಯುಸಿ ಅರ್ಜಿ ತುಂಬೋ ದಿನ ಹೇಗಿರ್ತಿತ್ತು ಅಂತ ಗೊತ್ತಿರೋರಿಗೆ ಗೊತ್ತು. ನನ್ನ ದೊಡ್ಡಪ್ಪನ ಮಗ ಐಟಿಐ ಸೇರಿದಾಗ ಮನೇಲಿ ಯಾರೂ ಸ್ವೀಟ್ ಹಂಚಲಿಲ್ಲ. ನೆಂಟರು ಕೇಳಿದ್ರೆ "ಓದ್ತಿದಾನೆ" ಅಂತಷ್ಟೇ ಹೇಳ್ತಿದ್ರು, ಏನು ಅಂತ ಹೇಳ್ತಿರಲಿಲ್ಲ.

2021ರ ಶರತ್ಕಾಲದಿಂದ ನಮ್ಮನೇಲಿ ಕಿರುಪರೀಕ್ಷೆಗಳದ್ದೇ ರಾಜ್ಯ. ಇಲ್ಲಿನ ಕನ್ನಡ ಸಂಸಾರಗಳ ವಾಟ್ಸಾಪ್ ಗ್ರೂಪಿನಲ್ಲಿ ಹಬ್ಬದ ಪಟ್ಟಿಗಿಂತ ಟ್ಯೂಷನ್ ಟೀಚರ್ ನಂಬರುಗಳೇ ಜಾಸ್ತಿ ಓಡಾಡ್ತಿದ್ವು. "ನಮ್ಮವನದು ಗಿಮ್ನಾಸಿಯುಮ್ ಪಕ್ಕಾ" ಅನ್ನೋ ಮೆಸೇಜಿಗೆ ನಾನೂ ಹೂವಿನ ಇಮೋಜಿ ಹಾಕ್ತಿದ್ದೆ. ಹಾಕಿ ಫೋನ್ ಉಲ್ಟಾ ಇಡ್ತಿದ್ದೆ.

6/8

ಈ ಫೋಟೋದಲ್ಲಿ ಕಾಣೋದು ಒಂದು ಗೇಟು ಮಾತ್ರ. ಯಾವ ಶಾಲೆ ಅಂತ ಹೇಳಲ್ಲ.

2022ರ ಮೇ ಮೊದಲ ವಾರ ಸರ್ಟಿಫಿಕೇಟ್ ಬಂತು. ಜರ್ಮನ್ 3, ಗಣಿತ 2, ಪರಿಸರ-ಸಮಾಜ 3. ಕೂಡಿದ್ರೆ 8, ಮೂರರಿಂದ ಭಾಗಿಸಿದ್ರೆ 2.66. ರೆಆಲ್‌ಶೂಲೆಗೆ ಸರಿಯಾಗಿ ಗೆರೆ ಮೇಲೆ. ಗಿಮ್ನಾಸಿಯುಮ್‌ಗೆ ಒಂದೇ ಒಂದು ಅಂಕಿ ಕಮ್ಮಿ.

ನಾನು ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಅತ್ತೆ. ಹೊರಗೆ ಬಂದಾಗ ಅವನು ಬಾಗಿಲಲ್ಲೇ ನಿಂತಿದ್ದ. "ಅಮ್ಮಾ, ಈ ಸಲ ಕೇಸರಿಬಾತ್ ಮಾಡಲ್ವಾ?" ಅಂದ. ತಮಾಷೆಗೆ ಅಂದನೋ, ಆಸೆಗೆ ಅಂದನೋ, ಇವತ್ತಿಗೂ ಕೇಳೋ ಧೈರ್ಯ ನನಗೆ ಬಂದಿಲ್ಲ. ನಾನು ಮಾಡಲಿಲ್ಲ.

ಅಂಕ ಸಾಲದ ಮಕ್ಕಳಿಗೆ ಇಲ್ಲಿ ಒಂದು ಅವಕಾಶ ಇದೆ. ಸೇರಬೇಕಾದ ಶಾಲೆಯಲ್ಲೇ ಮೂರು ದಿನ ಪರೀಕ್ಷಾ ಪಾಠ, ಜರ್ಮನ್ ಮತ್ತು ಗಣಿತ. ಒಂದರಲ್ಲಿ 3, ಇನ್ನೊಂದರಲ್ಲಿ 4 ಬಂದ್ರೂ ಪಾಸು. ಎರಡರಲ್ಲೂ 4 ಬಂದ್ರೆ ತೀರ್ಮಾನ ತಂದೆತಾಯಿಯದ್ದು. ಕ್ಲಾಸ್ ಟೀಚರ್ ನಮಗೆ ಸ್ಪಷ್ಟವಾಗಿ ಹೇಳಿದ್ರು: "ಹುಡುಗ ಜಾಣ. ಓದಿನ ವೇಗಕ್ಕೆ ಇನ್ನೂ ಒಂದೆರಡು ವರ್ಷ ಬೇಕು. ರೆಆಲ್‌ಶೂಲೆಯಲ್ಲಿ ಅವನು ಅರಳ್ತಾನೆ. ಈಗ ಅವನು ಸುಸ್ತಾಗಿದ್ದಾನೆ."

ಇವರು "ಬೇಡ ಬಿಡು" ಅಂದ್ರು. ನಾನು ಕೇಳಲಿಲ್ಲ. ಒಂದು ಸಲ ಪ್ರಯತ್ನ ಮಾಡೋದ್ರಲ್ಲಿ ಏನ್ ಹೋಗುತ್ತೆ ಅಂತ ವಾದ ಮಾಡಿದೆ. ಮಗನನ್ನ ಕೇಳಿದ್ವಾ? ಕೇಳಿದ್ವಿ. ಅವನು ನನ್ನ ಮುಖ ನೋಡಿ "ಸರಿ" ಅಂದ. ಕೇಸರಿಬಾತ್ ತಿಂದಿದ್ದ ಮುಖ ಅದೇ.

ಮೂರು ದಿನ ಈ ಗೇಟಿನ ಹೊರಗೆ ಕಾದೆ. ಗಣಿತ 3, ಜರ್ಮನ್ 5. ಆಗಲಿಲ್ಲ.

ಬಸ್ಸಿನಲ್ಲಿ ಬರೋವಾಗ ಅವನು ಕಿಟಕಿ ಕಡೆ ನೋಡ್ತಾ ಕೇಳಿದ: "ಅಮ್ಮಾ, ಈಗ ನಾನು ಎರಡು ಸಲ ಫೇಲಾ?" ಅವನು ಮೊದಲನೇ ಸಲ ಫೇಲ್ ಆಗೇ ಇರಲಿಲ್ಲ. 2.66 ತಂದು ಒಂದು ಶಾಲೆಗೆ ಸೀಟು ಗಳಿಸಿದ್ದ. ಅದನ್ನ ಫೇಲ್ ಅಂತ ಹೆಸರಿಟ್ಟಿದ್ದು ನಾನು, ಅಡುಗೆಮನೆ ನಲ್ಲಿ ಬಿಟ್ಟಾಗ.

7/8

ಫೋಟೋದಲ್ಲಿರೋದು ನಮ್ಮನೆ ಫ್ಯೂಸ್ ಬಾಕ್ಸು. ನಗಬೇಡಿ, ಕಾರಣ ಇದೆ.

ಅದೇ ಬೇಸಿಗೆಯಲ್ಲಿ ಅದನ್ನ ಸರಿ ಮಾಡೋಕೆ ಬಂದಿದ್ದ ಎಲೆಕ್ಟ್ರಿಷಿಯನ್ ಸ್ವಂತ ಕಂಪನಿ ನಡೆಸೋರು. ಜೊತೆಗೆ ಹದಿನೇಳರ ಹುಡುಗ, ಅವರಲ್ಲಿ ಔಸ್‌ಬಿಲ್ಡುಂಗ್ ಮಾಡ್ತಿದ್ದ. ಅಂದ್ರೆ ಕಂಪನಿಯಲ್ಲಿ ಸಂಬಳ ತಗೊಂಡು ಕೆಲಸ ಕಲಿಯೋದು, ಜೊತೆಜೊತೆಗೆ ವೃತ್ತಿ ಶಾಲೆಯಲ್ಲಿ ಪಾಠ. ಕಾಫಿ ಕೊಟ್ಟು ನನ್ನ ದುಃಖ ಹೇಳ್ಕೊಂಡೆ. ಅವರು ಸ್ಕ್ರೂಡ್ರೈವರ್ ಕೆಳಗಿಟ್ಟು ಕೇಳಿದ್ರು, "ರೆಆಲ್‌ಶೂಲೆನಾ? ನಾನೂ ಅಲ್ಲೇ ಓದಿದ್ದು. ಅದರಲ್ಲಿ ಅಳೋದೇನಿದೆ?"

ನನ್ನ ಚಿತ್ರದಲ್ಲಿ ಬಿಟ್ಟುಹೋಗಿದ್ದ ಗೆರೆಗಳು ಆಗ ಕಾಣೋಕೆ ಶುರುವಾದ್ವು. ರೆಆಲ್‌ಶೂಲೆಯ ಐದನೇ ಕ್ಲಾಸಿನಲ್ಲಿ ಚೆನ್ನಾಗಿ ಮಾಡಿದ್ರೆ ಗಿಮ್ನಾಸಿಯುಮ್‌ಗೆ ದಾಟಬಹುದು. ಹತ್ತು ಮುಗಿಸಿ ಒಳ್ಳೇ ಅಂಕ ಇದ್ರೆ ಎಫ್ಒಎಸ್ ಅನ್ನೋ ಮೇಲಿನ ಶಾಲೆ. ಅಲ್ಲಿ 12 ಮುಗಿಸಿದ್ರೆ ಅನ್ವಯಿಕ ವಿಜ್ಞಾನದ ಕಾಲೇಜುಗಳು, 13 ಮಾಡಿದ್ರೆ ವಿಶ್ವವಿದ್ಯಾಲಯವೂ ಸಿಗುತ್ತೆ. ಮಿಟ್ಟೆಲ್‌ಶೂಲೆಯಲ್ಲೂ ಹತ್ತನೇ ಕ್ಲಾಸಿನ ಸರ್ಟಿಫಿಕೇಟ್ ತಗೊಳ್ಳೋ ದಾರಿ ಇದೆ. ಕಸುಬಿನಲ್ಲಿ ಮೈಸ್ಟರ್ ಪರೀಕ್ಷೆ ಪಾಸಾದವರಿಗೂ ವಿಶ್ವವಿದ್ಯಾಲಯದ ಬಾಗಿಲು ತೆರೆದೇ ಇರುತ್ತೆ.

ಹಾಗಂತ ಎಲ್ಲ ಸರಿಯಿದೆ ಅಂತ ನಾನು ಹೇಳಲ್ಲ. ಹತ್ತು ವರ್ಷದ ಮಕ್ಕಳನ್ನ ಮೂರು ಪಾಲು ಮಾಡೋದು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. 2001ರ ಡಿಸೆಂಬರ್‌ನಲ್ಲಿ ಮೊದಲ ಪಿಸಾ ಪರೀಕ್ಷೆಯ ಫಲಿತಾಂಶ ಬಂದಾಗ, ಮಗುವಿನ ಓದು ಅಪ್ಪ ಅಮ್ಮನ ಸ್ಥಿತಿಯ ಮೇಲೆ ಎಷ್ಟು ನಿಂತಿದೆ ಅನ್ನೋದು ಕಂಡು ಈ ದೇಶವೇ ಬೆಚ್ಚಿಬಿದ್ದಿತ್ತು. ಮಧ್ಯಾಹ್ನಕ್ಕೇ ಮನೆಗೆ ಬರೋ ಶಾಲೆ, ಮನೇಲಿ ಜರ್ಮನ್ ಓದಿಸೋ ಅಮ್ಮ, ಟ್ಯೂಷನ್ ದುಡ್ಡು. ಇವು ಇರೋ ಮಗುವಿನ ಜೊತೆ ಇಲ್ಲದ ಮಗುನೂ ಒಂದೇ ಮೇ ತಿಂಗಳಿಗೆ ಓಡಬೇಕು. ನಮ್ಮನೇಲಿ ಒಂದು ಸಂಬಳ, ಇಂಗ್ಲಿಷು, ಇಂಟರ್ನೆಟ್ಟು ಇತ್ತು. ಅದೂ ಇಲ್ಲದೆ ಬಂದವರ ಮಕ್ಕಳನ್ನ ಅದೇ ಕ್ಲಾಸಿನಲ್ಲಿ ನೋಡಿದೀನಿ.

ವ್ಯವಸ್ಥೆಯ ತಪ್ಪು ವ್ಯವಸ್ಥೆಯದ್ದು. ಆ ಮೂರು ದಿನದ ತಪ್ಪು ನನ್ನದು. ಎರಡನ್ನೂ ಬೇರೆ ಬೇರೆ ಇಟ್ಟು ನೋಡೋಕೆ ನನಗೆ ತುಂಬಾ ದಿನ ಹಿಡೀತು.

ಮತ್ತೆ, ದೊಡ್ಡಪ್ಪನ ಮಗನಿಗೆ ಆ ಬೇಸಿಗೆಯಲ್ಲಿ ಫೋನ್ ಮಾಡಿದೆ. ತುಮಕೂರಿನಲ್ಲಿ ವರ್ಕ್‌ಶಾಪ್ ಇಟ್ಟಿದಾನೆ, ನಾಲ್ಕು ಜನಕ್ಕೆ ಕೆಲಸ ಕೊಟ್ಟಿದಾನೆ. ಇಪ್ಪತ್ತು ವರ್ಷದಲ್ಲಿ ಅವನ ಕೆಲಸದ ಬಗ್ಗೆ ನಾನು ಒಂದು ಪ್ರಶ್ನೆನೂ ಕೇಳಿರಲಿಲ್ಲ. "ಏನಮ್ಮಾ, ಅಪರೂಪಕ್ಕೆ!" ಅಂತ ನಕ್ಕ.

8/8

ಕೊನೇ ಫೋಟೋ ಮೊನ್ನೆಯದು. ಅವನೇ ಬೆಸುಗೆ ಹಾಕಿ ಮಾಡಿದ ಪುಟ್ಟ ದೀಪ, ನಮ್ಮ ದೇವರ ಗೂಡಿನ ಪಕ್ಕದಲ್ಲಿ.

ರೆಆಲ್‌ಶೂಲೆಯಲ್ಲಿ ಏಳನೇ ಕ್ಲಾಸಿಗೆ ಒಂದು ವಿಭಾಗ ಆರಿಸ್ಕೊಳ್ಬೇಕು. ಗಣಿತ-ವಿಜ್ಞಾನದ ಕಡೆ ಒಂದು, ವ್ಯವಹಾರದ ಕಡೆ ಒಂದು, ಭಾಷೆ ಮತ್ತಿತರ ಕಡೆ ಇನ್ನೊಂದು. ಅವನು ಗಣಿತ ತಗೊಂಡ. ಈ ಸಲ ಅರ್ಜಿ ಅವನ ಮುಂದಿಟ್ಟು ನಾನು ಬಟ್ಟೆ ಮಡಚೋಕೆ ಎದ್ದುಹೋದೆ. ನನ್ನ ಮುಖ ಅವನಿಗೆ ಕಾಣಬಾರದು ಅಂತ.

ಗಿಮ್ನಾಸಿಯುಮ್‌ಗೆ ಅವನು ದಾಟಲಿಲ್ಲ. ಮುಂದೆ ಏನಾಗ್ತಾನೋ ಗೊತ್ತಿಲ್ಲ. ಜರ್ಮನ್ ಈಗ 2. ಅದು ಬರೋ ಹೊತ್ತಿಗೆ ಬಂತು, ಆ ಟೀಚರ್ ಹೇಳಿದ್ದ ಹಾಗೆ.

ಹೊಸದಾಗಿ ಬರೋರಿಗೆ ನಾನು ಹೇಳೋದು ಇಷ್ಟು:

▪️ ಮನೆ ಬಾಡಿಗೆಗೆ ತಗೊಳ್ಳೋ ಮುಂಚೆ ಆ ವಿಳಾಸಕ್ಕೆ ಯಾವ ಶಾಲೆ ಅಂತ ಕೇಳಿ. ಮಧ್ಯಾಹ್ನದ ಆರೈಕೆಗೆ ಅವತ್ತೇ ಅರ್ಜಿ ಹಾಕಿ.
▪️ ಪೋಷಕರ ಸಂಜೆ ಸಭೆ ತಪ್ಪಿಸಬೇಡಿ. ಭಾಷೆ ಅರ್ಥವಾಗದಿದ್ರೂ ಹೋಗಿ ಕೂತ್ಕೊಳ್ಳಿ, ಪಕ್ಕದವರ ಪರಿಚಯ ಆಗುತ್ತೆ.
▪️ ಟಿಕೆಟ್ ಅಗ್ಗ ಅಂತ ರಜೆಗೆ ಎರಡು ದಿನ ಮುಂಚೆ ಊರಿಗೆ ಹೊರಡಬೇಡಿ. ಶಾಲೆ ಕಡ್ಡಾಯ, ಅನುಮತಿ ಇಲ್ಲದಿದ್ರೆ ದಂಡ ಬೀಳಬಹುದು.
▪️ ಮಗುಗೆ ಕನ್ನಡ ಬಿಡಿಸಬೇಡಿ. ಜರ್ಮನ್ ಕೊಡೋಕೆ ಲೈಬ್ರರಿ, ಫುಟ್‌ಬಾಲ್ ಕ್ಲಬ್, ಪಕ್ಕದ ಮನೆ ಮಕ್ಕಳು ಇದ್ದಾರೆ. ಕನ್ನಡ ಕೊಡೋಕೆ ನೀವು ಮಾತ್ರ.
▪️ ಕೆಂಪು ಶಾಯಿಯಲ್ಲಿ 5 ಕಂಡ್ರೆ ರವೆ ಹುರಿಯೋ ಮುಂಚೆ ಮಗುನ ಒಂದು ಮಾತು ಕೇಳಿ 😄

ಹೋದ ತಿಂಗಳು ಹುಬ್ಬಳ್ಳಿಯಿಂದ ಬಂದ ಒಂದು ಸಂಸಾರ ನಮ್ಮನೆಗೆ ಊಟಕ್ಕೆ ಬಂದಿತ್ತು. ಮಗಳು ಎರಡನೇ ಕ್ಲಾಸು. ಕೈ ತೊಳೆಯೋ ಮುಂಚೆಯೇ ಅವಳಮ್ಮ ಮೆಲ್ಲಗೆ ಕೇಳಿದ್ಲು, "ಅಕ್ಕಾ, ಇವಳಿಗೆ ಗಿಮ್ನಾಸಿಯುಮ್ ಸಿಗತ್ತೇನ್ರೀ?" ನಾನು ಉತ್ತರ ಕೊಡೋಕೆ ಮುಂಚೆ ನನ್ನ ಮಗ ಆ ಹುಡುಗಿ ಪಕ್ಕ ಕೂತು ಕನ್ನಡದಲ್ಲೇ ಕೇಳಿದ: "ನಿಂಗೆ ಸ್ಕೂಲಲ್ಲಿ ಯಾವುದು ಇಷ್ಟ?"

ಅವಳು ಸ್ವಲ್ಪ ಹೊತ್ತು ಯೋಚನೆ ಮಾಡಿ ಹೇಳಿದ್ಲು, "ಚಪ್ಪಲಿ ಇಡೋ ಗೂಡು. ಅದರ ಮೇಲೆ ನನ್ನ ಹೆಸರು ಐತಿ."

ಅವತ್ತು ಊಟಕ್ಕೆ ಕೇಸರಿಬಾತ್ ಇತ್ತು. ಯಾರಿಗೂ ಎಷ್ಟು ಅಂಕ ಬಂತು ಅಂತ ಕೇಳಿ ಮಾಡಿದ್ದಲ್ಲ.

ನಿಮ್ಮ ಮಕ್ಕಳು ಯಾವ ದೇಶದ, ಯಾವ ಊರಿನ ಶಾಲೆಯಲ್ಲಿದ್ದಾರೆ? ಅಲ್ಲಿ ನಿಮಗೆ ಮೊದಲು ಅರ್ಥವಾಗದೇ ಹೋಗಿದ್ದು ಏನು? ಕೆಳಗೆ ಬರೀರಿ, ಎಲ್ಲಾ ಓದ್ತೀನಿ.

#ಹೊರನಾಡಕನ್ನಡತಿ #ಜರ್ಮನಿಯಲ್ಲಿಶಾಲೆ #ಅಮ್ಮನಡೈರಿ